ನುಗ್ಗಿ ಹೊಡೆಯೋದಕ್ಕೆ ರಿಯಲಿಸಂ ಅನ್ನಬೇಡಿ

ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಸಾಕು, "ನುಗ್ಗಿ ಹೊಡೀಬೇಕು, ಇದೇ ರಿಯಲಿಸಂ" ಅನ್ನುವವರು ಜಾಸ್ತಿಯಾಗುತ್ತಾರೆ. ರಿಯಲಿಸಂ ಅಂದರೆ ದೇಶ ದೇಶಗಳ ನಡುವಿನ ಸಂಬಂಧವನ್ನು ಬಲ ಮತ್ತು ಉಳಿವಿನ ಲೆಕ್ಕದಲ್ಲಿ ನೋಡುವ ಸಿದ್ಧಾಂತ. ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಇದೇ ಪಾಠ ಮಾಡುವ ನನಗೆ ಈ ಮಾತು ಕೇಳಿದರೆ ಸಂಕಟವಾಗುತ್ತದೆ.

ದೇಶಗಳ ಮೇಲೆ ಇನ್ನೊಂದು ಸರ್ಕಾರವಿಲ್ಲ. ದೂರು ಕೊಡೋಣ ಅಂದರೆ ಪೊಲೀಸ್ ಸ್ಟೇಷನ್ನಿಲ್ಲ. ಹಾಗಾಗಿ ಪ್ರತಿ ದೇಶವೂ ತನ್ನ ಉಳಿವನ್ನು ತಾನೇ ನೋಡಿಕೊಳ್ಳಬೇಕು, ಅಕ್ಕಪಕ್ಕದವರ ಬಲವನ್ನು ಅಳೆಯುತ್ತಿರಬೇಕು. 1979ರಲ್ಲಿ ಅಮೆರಿಕದ ರಿಯಲಿಸ್ಟ್ ವಿದ್ವಾಂಸ ಕೆನೆತ್ ವಾಲ್ಟ್ಜ್ ಬರೆದಿದ್ದರ ತಿರುಳು ಇದು. ಪಕ್ಕದ ರಾಜ್ಯ ವೈರಿ, ಅದರಾಚೆಯದು ಮಿತ್ರ ಅನ್ನುವ ಕೌಟಿಲ್ಯನ ಮಂಡಲದ ಲೆಕ್ಕವೂ ಇದಕ್ಕೆ ಹತ್ತಿರದ್ದೇ.

ಪುಸ್ತಕ ಬದಿಗಿಟ್ಟು ಹಳೇಬೀಡನ್ನೇ ತೆಗೆದುಕೊಳ್ಳಿ. ಚೋಳರಿಂದ ತಲಕಾಡು ಕಿತ್ತುಕೊಂಡವನು ಇಲ್ಲಿನ ಹೊಯ್ಸಳ ದೊರೆ ವಿಷ್ಣುವರ್ಧನ. ನೂರು ವರ್ಷದ ಮೇಲೆ ಚೋಳರು ಸೊರಗಿದರು, ಪಾಂಡ್ಯರು ಬಲಿತರು. ಚೋಳ ದೊರೆ ಮೂರನೇ ರಾಜರಾಜ ಸೆರೆಸಿಕ್ಕಾಗ ಬಿಡಿಸಿದ್ದು ಯಾರು? ನಮ್ಮ ಎರಡನೇ ನರಸಿಂಹ! 'ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ' ಅಂತ ಬಿರುದು ಬೇರೆ. ಅವನ ಮಗ ಸೋಮೇಶ್ವರನ ಕಾಲಕ್ಕೆ ಚೋಳರು ಮತ್ತೆ ತಲೆಯೆತ್ತಿದರು. ಅವನು ಪಾಂಡ್ಯರ ಕಡೆ ವಾಲಿದ. ಇದನ್ನು ದ್ರೋಹ ಅನ್ನಲಾರೆ. ದಕ್ಷಿಣದಲ್ಲಿ ಒಬ್ಬನೇ ದೊಡ್ಡವನಾದರೆ ತನಗೆ ಉಳಿಗಾಲವಿಲ್ಲ ಎಂಬ ಲೆಕ್ಕ ಅದು.

ಲೆಕ್ಕ ತಪ್ಪಿದ್ದನ್ನೂ ಇಲ್ಲೇ ನೋಡಬಹುದು. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ, ಬಂದಾಗ ಹೊಯ್ಸಳ ದೊರೆ ಮೂರನೇ ಬಲ್ಲಾಳ ಊರಲ್ಲೇ ಇರಲಿಲ್ಲ. ಪಾಂಡ್ಯ ಅಣ್ಣತಮ್ಮಂದಿರ ಜಗಳದಲ್ಲಿ ಲಾಭ ಸಿಗುತ್ತದೆಂದು ತಮಿಳುನಾಡಿನ ಕಡೆ ಹೋಗಿದ್ದ. ಇತ್ತ ಹೊಯ್ಸಳರ ಹಳೆ ವೈರಿಗಳಾದ ದೇವಗಿರಿಯವರು ದೆಹಲಿ ಸೈನ್ಯಕ್ಕೆ ನೆರವಾದರು. ಬಲ್ಲಾಳ ಓಡೋಡಿ ಬಂದ. ಎದುರಾಳಿಯ ಬಲ ನೋಡಿದ. ಸಂಧಿ ಮಾಡಿಕೊಂಡು ಆನೆ, ಕುದುರೆ, ಭಂಡಾರ ಒಪ್ಪಿಸಿದ. ಆಮೇಲೆ ಮೂವತ್ತು ವರ್ಷ ಆಳಿದ. ಅವತ್ತು ತಲೆಬಾಗಿದ್ದನ್ನು ಹೇಡಿತನ ಅನ್ನುವವರಿದ್ದಾರೆ. ನನ್ನ ಪ್ರಕಾರ ಅವನು ಮಾಡಿದ ಅತ್ಯಂತ ವಿವೇಕದ ಕೆಲಸ ಅದೇ.

ಹೌದು, ರಿಯಲಿಸಂಗೆ ಎಲ್ಲವೂ ಕಾಣುವುದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಳಗಿನಿಂದಲೇ ಕುಸಿದಾಗ ಈ ಪಂಡಿತರೂ ಬೆಚ್ಚಿಬಿದ್ದರು. ನ್ಯಾಯ ಅನ್ಯಾಯದ ಪ್ರಶ್ನೆಗೂ ಅಲ್ಲಿ ಜಾಗ ಕಡಿಮೆ. ಅದು ನನಗೂ ನೋವಿನ ವಿಷಯವೇ.

ಆದರೆ ಯುದ್ಧಕೋರತನದ ಆರೋಪ ಮಾತ್ರ ಸುಳ್ಳು. ವಿಯೆಟ್ನಾಂ ಯುದ್ಧ ಬೇಡವೆಂದು ಅಮೆರಿಕದಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ರಿಯಲಿಸಂನ ಹಿರಿಯ ಹ್ಯಾನ್ಸ್ ಮಾರ್ಗೆಂಥೋ ಒಬ್ಬರು. 2002ರ ಸೆಪ್ಟೆಂಬರಿನಲ್ಲಿ ವಾಲ್ಟ್ಜ್, ಅದೇ ಪಂಥದ ಮಿಯರ್‌ಶೈಮರ್ ಸೇರಿ 33 ವಿದ್ವಾಂಸರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟು, ಇರಾಕ್ ಯುದ್ಧ ಅಮೆರಿಕದ ಹಿತಕ್ಕಲ್ಲ ಎಂದರು. ಒಳಗೆ ಹೋದಮೇಲೆ ಹೊರಬರುವ ದಾರಿ ಯಾವುದು ಅಂತಲೂ ಕೇಳಿದರು. ಯಾರೂ ಕಿವಿಗೊಡಲಿಲ್ಲ. ಮುಂದಿನ ಮಾರ್ಚಿನಲ್ಲಿ ಬಾಂಬು ಬಿದ್ದವು.