ಏಳು ಎಲೆ ಬಂದರೆ ಅದು ಕಾಡು ಗುಲಾಬಿಯೇ? ಅಲ್ಲ

"ಗುಲಾಬಿಯಲ್ಲಿ ಐದು ಎಲೆಯ ಕೊಂಬೆ ಮಾತ್ರ ಹೂ ಬಿಡುತ್ತದೆ. ಏಳು ಎಲೆ ಕಂಡರೆ ಅದು ಕಾಡು ಗುಲಾಬಿ, ಕೂಡಲೇ ಕತ್ತರಿಸಿ" ಎಂಬ ಸಂದೇಶ ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದನ್ನು ನಂಬಿ ನಮ್ಮ ಓಣಿಯ ಅಕ್ಕ ಒಬ್ಬರು ಮೊಗ್ಗಿದ್ದ ಕೊಂಬೆಗಳನ್ನೇ ಕತ್ತರಿಸಿಬಿಟ್ಟರು. ನೋಡಿ ಬಹಳ ಬೇಜಾರಾಯಿತು.

ದಯವಿಟ್ಟು ಎಲೆ ಎಣಿಸಿ ತೀರ್ಮಾನ ಮಾಡಬೇಡಿ. ಹೈಬ್ರಿಡ್ ಟೀ (ಉದ್ದ ಕಡ್ಡಿಗೆ ಒಂದೊಂದೇ ದೊಡ್ಡ ಹೂ ಬಿಡುವ ಗುಲಾಬಿ) ಗಿಡದಲ್ಲಿ ಸಾಮಾನ್ಯವಾಗಿ ಒಂದು ತೊಟ್ಟಿಗೆ ಐದು ಎಲೆ ಇರುತ್ತವೆ, ನಿಜ. ಆದರೆ ಅದೇ ಗಿಡದಲ್ಲಿ ಮೂರೂ ಬರುತ್ತವೆ, ಏಳೂ ಬರುತ್ತವೆ. ಬಳ್ಳಿ ಗುಲಾಬಿಯಲ್ಲಂತೂ ಏಳು ಮಾಮೂಲಿ. ಕಾಡು ಜಾತಿಯಲ್ಲೂ ಐದು ಇರಬಹುದು.

ನೋಡಬೇಕಾದದ್ದು ಚಿಗುರು ಎಲ್ಲಿಂದ ಹುಟ್ಟಿದೆ ಅಂತ. ನರ್ಸರಿ ಗಿಡಕ್ಕೆ ಹೆಚ್ಚಾಗಿ ಕಸಿ ಕಟ್ಟಿರುತ್ತಾರೆ, ಅಂದರೆ ಕಾಡು ಗುಲಾಬಿಯ ಬುಡಕ್ಕೆ ಒಳ್ಳೆ ಗುಲಾಬಿಯನ್ನು ಕೂಡಿಸಿರುತ್ತಾರೆ. ಕೂಡಿಸಿದ ಕಡೆ, ಬುಡದ ಹತ್ತಿರ, ಗಂಟಿನಂತೆ ಉಬ್ಬಿರುತ್ತದೆ. ಗಂಟಿನ ಮೇಲಿಂದ ಬಂದ ಚಿಗುರು ಕೆಂಪಗೆ, ದಪ್ಪಗಿದ್ದರೂ ಬಿಡಿ. ಮುಂದಿನ ಹೂ ಅದರಲ್ಲೇ ಅಲ್ವಾ? ಗಂಟಿನ ಕೆಳಗಿನಿಂದ ಬಂದದ್ದೇ ಕಾಡು. ಅದನ್ನು ಸುಮ್ನೆ ಮಣ್ಣಿನ ಮಟ್ಟಕ್ಕೆ ಕತ್ತರಿಸಿದರೆ ಮತ್ತೆ ಜಾಸ್ತಿ ಚಿಗುರುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಿರಿ. ಕಡ್ಡಿ ನೆಟ್ಟು ಬೆಳೆಸಿದ ಗಿಡಕ್ಕೆ ಈ ಚಿಂತೆಯೇ ಇಲ್ಲ.

"ಬಿಸಿಲೂರಲ್ಲಿ ಗುಲಾಬಿ ಬರಲ್ಲ" ಎಂಬ ಸಾಲೂ ಆ ವಾಟ್ಸಾಪ್ ಸಂದೇಶದಲ್ಲಿದೆ. ಅದೂ ತಪ್ಪು. 40 ಡಿಗ್ರಿ ದಾಟಿದಾಗ ಹೂ ಸಣ್ಣದಾಗುತ್ತವೆ, ಬೇಗ ಉದುರುತ್ತವೆ, ಅಷ್ಟೇ. ಆಗ ಮಧ್ಯಾಹ್ನ ನೆರಳು ಕೊಡಿ. ನಮ್ಮ ಎರೆಮಣ್ಣು ನೀರು ಹಿಡಿದಿಡುತ್ತದೆ, ಬೇರು ಕೊಳೆಯುತ್ತದೆ. ಮರಳು, ತಿಪ್ಪೆಗೊಬ್ಬರ ಬೆರೆಸಿಯೇ ನೆಡಿ.