840 ಗಂಟೆಯಲ್ಲಿ ನಿಮ್ಮ ಪಾಲಿನ ನಿಮಿಷಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ವಾರದಲ್ಲೇ ಐಟಿಐಗಳ ಮಾಹಿತಿ ಪುಸ್ತಿಕೆಗಳೂ ಹೊರಬೀಳುತ್ತವೆ. ಹೊಳೆಯುವ ಕಾಗದ, ನಾಲ್ಕು ಬಣ್ಣ. ಮುಖಪುಟದಲ್ಲಿ ಹಳದಿ ಹೆಲ್ಮೆಟ್ ಹಾಕಿದ ಯುವಕನೊಬ್ಬ ಅಂಗಿ ತೋಳು ಮಡಿಚಿಕೊಂಡು, ಕನ್ನಡಕವಿಲ್ಲದೆ, ಗಾರ್ಡ್ ಬಿಚ್ಚಿದ ಆಂಗಲ್ ಗ್ರೈಂಡರ್ ಹಿಡಿದು ನಗುನಗುತ್ತ ಕಿಡಿ ಹಾರಿಸುತ್ತಿರುತ್ತಾನೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ವೆಲ್ಡರ್ ಟ್ರೇಡ್’. ಇದು ವೆಲ್ಡಿಂಗ್ ಅಲ್ಲ, ಗ್ರೈಂಡಿಂಗ್ ಎಂದು ಹೇಳಬಲ್ಲವರು ಸಂಸ್ಥೆಯಲ್ಲಿ ಇದ್ದರು. ಪುಸ್ತಿಕೆ ಅಚ್ಚಾಗುವ ದಿನ ಅವರು ಚುನಾವಣಾ ಕೆಲಸಕ್ಕೆ ಹೋಗಿದ್ದರು, ಅಷ್ಟೆ.

ಪುಸ್ತಿಕೆಯ ಮೇಲೆ ಕೋಪ ಬೇಡ. ಅದನ್ನು ಓದುವ ಕ್ರಮ ಗೊತ್ತಿದ್ದರೆ ಸಾಕು. ಒಳಪುಟದಲ್ಲಿ ಒಂದು ಅಂಕಿ ಇರುತ್ತದೆ, ಅದು ಸುಳ್ಳಲ್ಲ: ವರ್ಷಕ್ಕೆ 1200 ಗಂಟೆ ತರಬೇತಿ. ಮೊದಲ ವರ್ಷ ಅದರಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಟ್ರೇಡ್ ಥಿಯರಿ, 120 ಗಂಟೆ ಉದ್ಯೋಗ ಕೌಶಲ. 840 ಗಂಟೆ ಎಂದ ಕೂಡಲೇ ಅಪ್ಪ ಅಮ್ಮನ ಎದೆ ಉಬ್ಬುತ್ತದೆ, ಮಗ ಅಷ್ಟೂ ಹೊತ್ತು ಬೆವರು ಸುರಿಸಿ ಕಲಿಯುತ್ತಾನಲ್ಲ ಎಂದು. ಬೆವರು ಸುರಿಯುವುದು ಖಂಡಿತ. ವರ್ಕ್‌ಶಾಪಿನ ಸೂರು ತಗಡಿನದು.

ವೆಲ್ಡರ್ ಟ್ರೇಡನ್ನೇ ಲೆಕ್ಕ ಹಾಕೋಣ. ಕಲಿಯುವವರ ಕೈಗೆ ಸಾಮಾನ್ಯವಾಗಿ ಬರುವುದು 3.15 ಮಿ.ಮೀ. ದಪ್ಪದ, 6013 ದರ್ಜೆಯ ರಾಡ್. 450 ಮಿ.ಮೀ. ಉದ್ದದ್ದನ್ನು 110 ಆಂಪಿಯರ್ ಆಸುಪಾಸಿನಲ್ಲಿ ಉರಿಸಿದರೆ, ಹೋಲ್ಡರಿನಲ್ಲಿ ಉಳಿಯುವ 50 ಮಿ.ಮೀ. ತುಂಡು ಬಿಟ್ಟು, ಸುಮಾರು ಒಂದೂವರೆ ನಿಮಿಷಕ್ಕೆ ಮುಗಿಯುತ್ತದೆ. ಉಗ್ರಾಣದಿಂದ ದಿನಕ್ಕೆ ತಲಾ ಎರಡು ರಾಡ್ ಬಂತೆಂದು ಇಟ್ಟುಕೊಳ್ಳಿ, ಅದೂ ಧಾರಾಳವೇ. ಅಲ್ಲಿಗೆ ಮೂರು ನಿಮಿಷ. ದಿನಕ್ಕೆ ಐದು ಗಂಟೆ ಪ್ರಾಯೋಗಿಕವೆಂದರೆ 840 ಗಂಟೆಗೆ 168 ದಿನ. 168 ದಿನ ಮೂರು ಮೂರು ನಿಮಿಷದಂತೆ 504 ನಿಮಿಷ, ಅಂದರೆ 8 ಗಂಟೆ 24 ನಿಮಿಷ. ಕಾಗದದ ಮೇಲಿನ 840ರಲ್ಲಿ ನಿಮ್ಮ ಕೈಯಲ್ಲಿ ಬೆಂಕಿ ಇದ್ದದ್ದು ನೂರಕ್ಕೆ ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲು ಮುಂದೆ ನಿಂತವನ ಬೆನ್ನು ನೋಡುವ ಪ್ರಾಯೋಗಿಕ.

ನ್ಯಾಯವಾಗಿ ಹೇಳಬೇಕೆಂದರೆ ಆರ್ಕ್, ಅಂದರೆ ರಾಡಿನ ತುದಿಯ ಆ ಬೆಂಕಿ, ಉರಿದಷ್ಟೇ ಹೊತ್ತು ಕೆಲಸವಲ್ಲ. ಪ್ಲೇಟ್ ಕತ್ತರಿಸಬೇಕು, ಅಂಚು ಸವರಬೇಕು, ತುಂಡುಗಳು ಅಲುಗದಂತೆ ಟ್ಯಾಕ್ ಹಾಕಬೇಕು, ಬೆಸುಗೆಯ ಮೇಲೆ ಗಟ್ಟಿಯಾದ ಸ್ಲ್ಯಾಗ್ ಪೊರೆ ಕುಟ್ಟಿ ತೆಗೆಯಬೇಕು. ಕಾರ್ಖಾನೆಯಲ್ಲಿ ರಾಡ್ ವೆಲ್ಡಿಂಗ್ ಮಾಡುವ ನುರಿತವನಿಗೂ ಪಾಳಿಯ ಕಾಲುಭಾಗದಷ್ಟು ಹೊತ್ತು ಮಾತ್ರ ಆರ್ಕ್ ಉರಿಯುತ್ತದೆ. ಆ ಲೆಕ್ಕಕ್ಕೂ ನಿಮಗೆ 210 ಗಂಟೆ ಬರಬೇಕು. ಹಾಗಾಗಿ ಪ್ರವೇಶದ ಕೌಂಟರಿನಲ್ಲಿ ‘ಪ್ಲೇಸ್‌ಮೆಂಟ್ ಎಷ್ಟು ಸರ್’ ಎಂದು ಕೇಳುವ ಮೊದಲು ‘ತಿಂಗಳಿಗೆ ಎಷ್ಟು ಪ್ಯಾಕೆಟ್ ರಾಡ್ ಖರ್ಚಾಗುತ್ತದೆ’ ಎಂದು ಕೇಳಿ. ಉತ್ತರಿಸುವವರ ಮುಖದ ಬಣ್ಣವನ್ನೂ ಗಮನಿಸಿ, ಪುಸ್ತಿಕೆಯ ನಾಲ್ಕು ಬಣ್ಣದಲ್ಲಿ ಅದು ಇರುವುದಿಲ್ಲ.

ಆ ಎರಡು ರಾಡುಗಳಾದರೂ ಸರಿಯಿರುತ್ತವೆಯೇ? ಪ್ಯಾಕೆಟ್ ಒಡೆದು ಮಳೆಗಾಲವಿಡೀ ಕಿಟಕಿ ಪಕ್ಕ ಇಟ್ಟ ರಾಡಿನ ಲೇಪ ತೇವ ಹೀರಿರುತ್ತದೆ. ಉರಿಸಿದರೆ ಚಟಪಟ ಸಿಡಿಯುತ್ತದೆ, ಆರ್ಕ್ ಅಲೆದಾಡುತ್ತದೆ, ಬೆಸುಗೆಯ ಗೆರೆಯ ತುಂಬ ಸೂಜಿ ಚುಚ್ಚಿದಂಥ ತೂತು. ಮದ್ದು ದೊಡ್ಡದೇನಲ್ಲ: 6013 ರಾಡನ್ನು 100ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಒಣಗಿಸಿದರೆ ಸಾಕು. 7018ರಂಥ ಲೋ ಹೈಡ್ರೋಜನ್ ರಾಡಿಗೆ 300 ಡಿಗ್ರಿ ದಾಟಬೇಕು. ಇದಕ್ಕೆಂದೇ ತರಿಸಿದ ಓವನ್ ಸಂಸ್ಥೆಯಲ್ಲಿ ಇರುತ್ತದೆ. ಅದರಲ್ಲಿ ಹಾಜರಿ ಪುಸ್ತಕಗಳನ್ನು ಇಟ್ಟಿರುತ್ತಾರೆ, ಅವು ಒದ್ದೆಯಾಗಬಾರದಲ್ಲ. ತೂತು ಬಿದ್ದ ಜಾಬ್ (ವಿದ್ಯಾರ್ಥಿ ಮಾಡಿದ ತುಂಡು) ನೋಡಿದವರು ‘ನಿನ್ನ ಕೈಯೇ ಸರಿಯಿಲ್ಲ’ ಎನ್ನುತ್ತಾರೆ. ಆರ್ಕ್ ಹತ್ತುವುದೇ ಇಲ್ಲವೆಂದರೂ ಅದೇ ಮಾತು. ಅರ್ತ್ ಕ್ಲ್ಯಾಂಪನ್ನು ಬಣ್ಣ ಬಳಿದ ಟೇಬಲ್ಲಿಗೆ ಕಚ್ಚಿಸಿದ್ದಾರೆ, ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ ಎಂಬುದನ್ನು ನೀವೇ ಬಗ್ಗಿ ನೋಡಿ ತಿಳಿಯಬೇಕು. ಟೇಬಲ್ಲಿಗೆ ಬಣ್ಣ ಹೊಡೆದದ್ದು ತಪಾಸಣಾ ತಂಡ ಬರುತ್ತದೆ ಎಂದು.

ಈಗ ಸಮವಸ್ತ್ರ. ಪುಸ್ತಿಕೆ ಇದನ್ನು ‘ಆಕರ್ಷಕ ಸಮವಸ್ತ್ರ’ ಎನ್ನುತ್ತದೆ. ಟೆಂಡರಿನಲ್ಲಿ ಗೆದ್ದ ಬಟ್ಟೆ ಪಾಲಿಯೆಸ್ಟರ್ ಮಿಶ್ರಿತ, ಇಸ್ತ್ರಿ ಬೇಡ, ಬೇಗ ಒಣಗುತ್ತದೆ. ಇನ್ನೊಂದು ಗುಣವನ್ನು ಟೆಂಡರಿನಲ್ಲಿ ಬರೆದಿಲ್ಲ: ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ವೆಲ್ಡಿಂಗಿಗೆ ದಪ್ಪ ಹತ್ತಿ ಬಟ್ಟೆ ಬೇಕು, ತೋಳು ಮಣಿಕಟ್ಟಿನವರೆಗೆ, ಪ್ಯಾಂಟಿನ ಕೆಳಗೆ ಮಡಿಕೆ ಇರಕೂಡದು. ಮಡಿಕೆಯಲ್ಲಿ ಬಿದ್ದ ಕಿಡಿ ನಿಮಗೆ ತಿಳಿಸದೇ ಹೊಗೆಯಾಡುತ್ತದೆ. ಪ್ಯಾಂಟ್ ಶೂ ಮೇಲೆ ಇಳಿದಿರಬೇಕು, ಶೂ ಚರ್ಮದ್ದಾಗಿರಬೇಕು. ವೆಲ್ಡಿಂಗ್ ಶೀಲ್ಡಿನ ಗಾಜಿನ ಮೇಲೆ 10 ಅಥವಾ 11 ಎಂಬ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆರು ಗಂಟೆಯಿಂದ ಹನ್ನೆರಡು ಗಂಟೆ ಬಿಟ್ಟು ಕಣ್ಣಿಗೆ ಮರಳು ಎರಚಿದಂತಾಗುತ್ತದೆ. ಉರಿ ಶುರುವಾಗುವುದು ರಾತ್ರಿ, ನಿಮ್ಮ ಮನೆಯಲ್ಲಿ. ಸಂಸ್ಥೆಯ ಅಪಘಾತ ರಿಜಿಸ್ಟರ್ ಇಷ್ಟು ಸ್ವಚ್ಛವಾಗಿರುವ ಗುಟ್ಟು ಇದು.

ಗುರುತಿನ ಚೀಟಿಯ ಸುತ್ತೋಲೆಯಂತೂ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವಂಥದ್ದು: ‘ತರಬೇತಿ ಪಡೆಯುವವರು ಸಂಸ್ಥೆಯ ಆವರಣದಲ್ಲಿ ಸದಾಕಾಲ ಕೊರಳಲ್ಲಿ ಗುರುತಿನ ಚೀಟಿ ಧರಿಸತಕ್ಕದ್ದು.’ ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡು: ‘ತಿರುಗುವ ಯಂತ್ರಗಳ ಬಳಿ ಸಡಿಲ ವಸ್ತು ಧರಿಸಬೇಡಿ.’ ಲೇತಿನ ಚಕ್ (ತುಂಡನ್ನು ಹಿಡಿದು ತಿರುಗಿಸುವ ಭಾಗ) ನಿಮಿಷಕ್ಕೆ ನಾನೂರು ಸುತ್ತು ತಿರುಗುತ್ತಿರುವಾಗ ಜೋಲುವ ಟ್ಯಾಗಿಗೂ ಹಗ್ಗಕ್ಕೂ ವ್ಯತ್ಯಾಸವಿಲ್ಲ. ಯಾವ ಬೋರ್ಡಿಗೆ ವಿಧೇಯರಾಗಬೇಕು? ಎರಡನೆಯದಕ್ಕೆ. ಮೊದಲನೆಯದನ್ನು ಮುರಿದರೆ ದಂಡ ಮಾತ್ರ. ಡ್ರಿಲ್ಲಿಂಗ್ ಮಷೀನಿಗೆ ಕೈಗವಸೂ ಬೇಡ. ಡ್ರಿಲ್ ಬಿಟ್ಟಿಗೆ ಬಟ್ಟೆಯ ಅಂಚು ಸಿಕ್ಕರೆ ಬೆರಳೂ ಜೊತೆಗೆ ಹೋಗುತ್ತದೆ. ಪುಸ್ತಿಕೆಯ ಎಂಟನೇ ಪುಟದ ಫೋಟೋದಲ್ಲಿ ಗಣ್ಯರೊಬ್ಬರು ರೇಷ್ಮೆ ಶಾಲು, ಆಳೆತ್ತರದ ಹಾರ ಹಾಕಿಕೊಂಡು ಡ್ರಿಲ್ ಮಷೀನಿನ ಹ್ಯಾಂಡಲ್ ಎಳೆಯುತ್ತಿದ್ದಾರೆ. ಅವರಿಗೇನೂ ಆಗಲಿಲ್ಲ, ಮಷೀನಿಗೆ ಇನ್ನೂ ಕರೆಂಟ್ ಸಂಪರ್ಕ ಕೊಟ್ಟಿರಲಿಲ್ಲ.

ಫಿಟ್ಟರ್ ಆಗುವವರಿಗೆ ಪುಸ್ತಿಕೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಚಿತ್ರ ತೋರಿಸುತ್ತದೆ. ಮೊದಲ ತಿಂಗಳುಗಳಲ್ಲಿ ನಿಮ್ಮ ಜೊತೆಗಾರ ಅರ. ಎಂಎಸ್ (ಮೆದು ಉಕ್ಕು) ತುಂಡನ್ನು ವೈಸ್ ಎಂಬ ಇಕ್ಕಳಕ್ಕೆ ಕಚ್ಚಿಸಿ ಸಮತಟ್ಟಾಗಿ, ಮೂಲೆಮಟ್ಟಕ್ಕೆ ಉಜ್ಜುವುದು, ನೋಡಲು ಸುಲಭ. ವೈಸಿನ ದವಡೆ ನಿಮ್ಮ ಮೊಣಕೈ ಎತ್ತರಕ್ಕೆ ಇರಬೇಕು. ಅರ ಮುಂದೆ ಹೋಗುವಾಗ ಮಾತ್ರ ಕತ್ತರಿಸುತ್ತದೆ, ಹಿಂದೆ ಬರುವಾಗ ಒತ್ತಡ ಬಿಡಬೇಕು. ಮುಂದೆ ತಳ್ಳುತ್ತ ಹೋದಂತೆ ಎಡಗೈ ಭಾರ ಇಳಿಸಿ ಬಲಗೈ ಭಾರ ಏರಿಸಬೇಕು. ಇಲ್ಲದಿದ್ದರೆ ಅರ ತೊಟ್ಟಿಲಿನಂತೆ ತೂಗಿ, ತುಂಡಿನ ಅಂಚುಗಳು ಸವೆದು ನಡು ಉಬ್ಬುತ್ತದೆ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಕಾಣುತ್ತದೆ. ಇಷ್ಟು ಕೈಗೆ ಹತ್ತಲು ಹೊಸ ಅರ ಬೇಕು. ಹತ್ತು ಬ್ಯಾಚು ಉಜ್ಜಿ ಬೋಳಾದ ಅರ ಲೋಹದ ಮೇಲೆ ಜಾರುತ್ತದೆ, ಜಾರಿದಷ್ಟೂ ಹುಡುಗ ಹೆಚ್ಚು ಒತ್ತುತ್ತಾನೆ, ಒತ್ತಿದಷ್ಟೂ ತೂಗುತ್ತದೆ, ನಡು ಇನ್ನೂ ಉಬ್ಬುತ್ತದೆ. ಹಿಡಿ ಕಳಚಿದ ಅರವನ್ನಂತೂ ಮುಟ್ಟಲೇಬೇಡಿ; ಅದರ ಚೂಪಾದ ಬಾಲ ಅಂಗೈಗೆ ಇಳಿಯುತ್ತದೆ.

ಹೊಸ ಅರ ಇಲ್ಲವೇ? ಇದೆ. ಪಠ್ಯಕ್ರಮದ ಕೊನೆಯ ಅನುಬಂಧದಲ್ಲಿ ಉಪಕರಣಗಳ ಪೂರ್ತಿ ಪಟ್ಟಿ ಇದೆ, 20 ಜನರ ಬ್ಯಾಚಿಗೆ 21 ಟೂಲ್ ಕಿಟ್. ಇಪ್ಪತ್ತು ನಿಮಗೆ, ಒಂದು ಕಲಿಸುವವರಿಗೆ. ಇದು ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮುದ್ರಿಸಿಕೊಂಡು ಹೋಗಿ, ಪಟ್ಟಿ ಹಿಡಿದು ಬೀರುವಿನ ಮುಂದೆ ನಿಲ್ಲಿ. ಇಪ್ಪತ್ತೊಂದೂ ಇರುತ್ತವೆ, ಎಣ್ಣೆ ಕಾಗದ ಸುತ್ತಿಕೊಂಡು, ಬಂದ ಹಾಗೆಯೇ. ಕೊಟ್ಟರೆ ಸವೆಯುತ್ತವೆ, ಸವೆದರೆ ಆಡಿಟ್‌ನಲ್ಲಿ ಉತ್ತರಿಸಬೇಕು. ವಿದ್ಯಾರ್ಥಿ ಕಲಿಯದಿದ್ದರೆ ಆಡಿಟ್‌ನಲ್ಲಿ ಯಾರೂ ಕೇಳುವುದಿಲ್ಲ; ಅವನು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾದ ವಸ್ತುವಲ್ಲ. ಕಲಿಸುವ ಜೆಟಿಒಗಳನ್ನು (ಕಿರಿಯ ತರಬೇತಿ ಅಧಿಕಾರಿಗಳನ್ನು) ಬೈದು ಫಲವಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ಎರಡೂ ತುಂಡು ತಂದೊಪ್ಪಿಸಿದರೆ ಮಾತ್ರ ಹೊಸದು ಎಂಬ ನಿಯಮ ಅವರದಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಉಗ್ರಾಣ ಇಲಾಖೆ ಸ್ವಲ್ಪ ತಿದ್ದಿಕೊಂಡಿದೆ: ಕೋಲು ಮುರಿಯದಿದ್ದರೆ ಸಾಕು, ಹಾವಿನ ಮಾತು ಆಮೇಲೆ.

ಲೇತಿನ ಕಥೆಯೂ ಇದೇ. 25 ಮಿ.ಮೀ. ವ್ಯಾಸದ ಎಂಎಸ್ ಸರಳನ್ನು ಹೈ ಸ್ಪೀಡ್ ಸ್ಟೀಲ್ ಟೂಲಿನಲ್ಲಿ ನಿಮಿಷಕ್ಕೆ 30 ಮೀಟರ್ ಕತ್ತರಿಸುವ ವೇಗಕ್ಕೆ ತಿರುಗಿಸಲು ಎಷ್ಟು ಸುತ್ತು ಬೇಕು? 30ನ್ನು 1000ದಿಂದ ಗುಣಿಸಿ, 3.14 ಮತ್ತು 25ರಿಂದ ಭಾಗಿಸಿ: 382. ಕಂಪ್ಯೂಟರ್ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಉಂಟು. ವರ್ಕ್‌ಶಾಪಿನಲ್ಲಿ 382 ಇರುವುದಿಲ್ಲ, ಗೇರಿನ ಫಲಕದಲ್ಲಿ ಅದಕ್ಕೆ ಹತ್ತಿರದ ಕೆಳಗಿನ ವೇಗ ಆರಿಸಿಕೊಳ್ಳಬೇಕು. ಆರಿಸಲು ಲಿವರ್ ಅಲುಗಬೇಕು, ಅಲುಗಿಸಲು ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಕು, ತೆಗೆಯಲು ಲಿಖಿತ ಅನುಮತಿ ಬೇಕು.

ಎಲೆಕ್ಟ್ರಿಷಿಯನ್ ವಿಭಾಗದ ಮೆಟ್ಟಿಲು ವೈರಿಂಗ್ ನೋಡದೆ ಬರಬೇಡಿ. ಎರಡು ಟೂ-ವೇ ಸ್ವಿಚ್, ಒಂದು ದೀಪ. ಕೆಳಗೆ ಹಾಕಿ ಮೇಲೆ ಆರಿಸುವುದು. ಹಲಗೆಯ ಮೇಲೆ ವೈರಿಂಗ್ ಮಾಡಿ, ತೋರಿಸಿ, ಬಿಚ್ಚಿ, ಅದೇ ತಂತಿಯನ್ನು ಮುಂದಿನವನಿಗೆ ಕೊಡಬೇಕು. ಪ್ರತಿ ಸಲ ತುದಿ ಹೆರೆದಾಗ ಹತ್ತು ಹದಿನೈದು ಮಿ.ಮೀ. ಕಡಿಮೆಯಾಗುತ್ತದೆ, ಬಾಗಿಸಿ ಬಾಗಿಸಿ ತಾಮ್ರವೂ ಮುರಿಯುತ್ತದೆ. ಮೊದಲ ಬ್ಯಾಚಿನಲ್ಲಿ ಸ್ವಿಚ್ಚುಗಳ ನಡುವೆ ಎರಡು ಮೀಟರ್ ಇದ್ದದ್ದು ಮೂರನೇ ವರ್ಷಕ್ಕೆ ಒಂದು ಗೇಣು. ಈಗ ಎರಡೂ ಸ್ವಿಚ್ಚು ಪಕ್ಕಪಕ್ಕ ಕೂತಿವೆ, ಮೆಟ್ಟಿಲೇ ಇಲ್ಲದ ಮೆಟ್ಟಿಲು ವೈರಿಂಗ್. ಹಲಗೆಗೆ ಕರೆಂಟನ್ನೂ ಕೊಡುವುದಿಲ್ಲ, ಸುರಕ್ಷತೆಗಾಗಿ. ಹಾಗಾಗಿ ನಿಜವಾದ ಸುರಕ್ಷತೆಯ ಮೂರು ಹೆಜ್ಜೆ ಪುಸ್ತಕದಲ್ಲೇ ಉಳಿಯುತ್ತದೆ: ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಟೆಸ್ಟರ್ ಹಚ್ಚಿ ಅದು ಕೆಲಸ ಮಾಡುತ್ತದೆಯೇ ನೋಡಬೇಕು; ನಂತರ ನೀವು ಮುಟ್ಟಬೇಕಾದ ಜಾಗ ಪರೀಕ್ಷಿಸಬೇಕು; ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಟೆಸ್ಟರ್ ನಡುವೆ ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹಲಗೆಯಲ್ಲಿ ಕರೆಂಟೇ ಇಲ್ಲದಿದ್ದರೆ ಮೂರೂ ಹೆಜ್ಜೆಗೆ ಒಂದೇ ಉತ್ತರ.

ಕೊನೆಯ ಪುಟದ ಎರಡು ಸಾಲು ಉಳಿದವು. ‘ಎನ್‌ಸಿವಿಟಿ ಮಾನ್ಯತೆ ಪಡೆದಿದೆ’ ಎಂಬುದು ಒಂದು; ಎನ್‌ಸಿವಿಟಿ ಎಂದರೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ. ಮಾನ್ಯತೆ ಕಟ್ಟಡಕ್ಕಲ್ಲ, ಆಯಾ ಟ್ರೇಡಿಗೆ, ಆಯಾ ಯೂನಿಟ್ಟಿಗೆ. ಫಿಟ್ಟರ್‌ಗೆ ಇದ್ದ ಮಾನ್ಯತೆಯ ನೆರಳಿನಲ್ಲಿ ಇನ್ನೊಂದು ಟ್ರೇಡ್ ಮಲಗಿರಬಹುದು. ಎರಡನೆಯದು ‘100% ಪ್ಲೇಸ್‌ಮೆಂಟ್’. ಆದೇಶ ಪತ್ರ ತೋರಿಸಲು ಕೇಳಿ, ಅದರಲ್ಲಿ ‘ಅಪ್ರೆಂಟಿಸ್’ ಎಂಬ ಪದ ಹುಡುಕಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವನು ಕಲಿಯುವವನು, ಅವನಿಗೆ ಸಿಗುವುದು ಸ್ಟೈಪೆಂಡ್. 30 ಮತ್ತು ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಂಪನಿ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು ಕಾನೂನು ಹೇಳುತ್ತದೆ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಹೇಳುವುದಿಲ್ಲ. ಅಪ್ರೆಂಟಿಸ್‌ಶಿಪ್ ಒಳ್ಳೆಯದೇ, ಕೈಗೆ ಕೊನೆಗೂ ಹೊಸ ಅರ ಸಿಗುವುದು ಬಹುತೇಕರಿಗೆ ಅಲ್ಲೇ. ಅದನ್ನು ನೌಕರಿ ಎಂದು ಎಣಿಸಿದ್ದು ಪುಸ್ತಿಕೆಯ ಉದ್ಯೋಗ ಕೌಶಲ.

ಹಾಜರಿ ಶೇಕಡಾ 80 ಬೇಕು, ಪ್ರಾಯೋಗಿಕದಲ್ಲಿ ಶೇಕಡಾ 60 ಬರಬೇಕು, ಥಿಯರಿಗೆ ಶೇಕಡಾ 33 ಸಾಕು. ‘ಹಾಜರಿ ನಾವು ನೋಡಿಕೊಳ್ತೇವೆ, ನೀವು ಪರೀಕ್ಷೆಗೆ ಬನ್ನಿ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಬದಲು ಹಾಜರಿ ಹಾಕಬಲ್ಲವರು ನಿಮ್ಮ ಬದಲು ಆರ್ಕ್ ಹಚ್ಚಲು ಬರುವುದಿಲ್ಲ.

ಸಂಸ್ಥೆ ನೋಡಲು ಹೋದವರನ್ನು ಷೋಕೇಸಿನ ಮುಂದೆ ನಿಲ್ಲಿಸುತ್ತಾರೆ. ಅಲ್ಲಿನ ಜಾಬುಗಳಿಗೆ ವರ್ಷಕ್ಕೊಮ್ಮೆ ಬೆಳ್ಳಿ ಬಣ್ಣ ಬಳಿಯುತ್ತಾರೆ, ಕೆಳಗಿನ ಹೆಸರಿನ ಚೀಟಿ ಮಾತ್ರ ಹೊಸದು. ಅದನ್ನು ಎರಡು ನಿಮಿಷ ಹೊಗಳಿ, ಮೂಲೆಯಲ್ಲಿರುವ ಗುಜರಿ ಡಬ್ಬದ ಕಡೆ ನಡೆಯಿರಿ. ಲೇತಿನಿಂದ ಬಿದ್ದ ಸುರುಳಿ ಸಿಪ್ಪೆ, ಬೆರಳುದ್ದದ ರಾಡ್ ತುಂಡುಗಳು, ಮುರಿದ ಹ್ಯಾಕ್ಸಾ ಬ್ಲೇಡ್, ವಕ್ರವಾಗಿ ಕೊಯ್ದು ಬಿಸಾಡಿದ ಎಂಎಸ್ ಚೂರುಗಳು ತುಂಬಿ ತುಳುಕುತ್ತಿದ್ದರೆ ಅರ್ಜಿ ಹಾಕಿ. ರಾಡ್ ತುಂಡುಗಳು ಗೇಣುದ್ದ ಇದ್ದರೆ ರಾಡ್ ತೇವವಾಗಿ ಲೇಪ ಉದುರಿರಬಹುದು, ಅಥವಾ ಬೆಲ್ ಹೊಡೆದಿರಬಹುದು, ಆದರೂ ಹಾಕಬಹುದು. ಡಬ್ಬದಲ್ಲಿ ಇರುವುದು ಉದ್ಘಾಟನೆಯ ಒಣಗಿದ ಹಾರ, ಕತ್ತರಿಸಿದ ರಿಬ್ಬನ್ ಮತ್ತು ಹೋದ ವರ್ಷದ ಉಳಿದ ಮಾಹಿತಿ ಪುಸ್ತಿಕೆಗಳಾದರೆ, ಬಸ್ಸಿಗೆ ಇನ್ನೂ ಹೊತ್ತಿದೆ, ಊರಾಚೆಯ ಇನ್ನೊಂದು ಐಟಿಐ ನೋಡಿ ಬನ್ನಿ.