ರಕ್ತ ಕಂಡವನು ಯಾರ ಹತ್ತಿರ ತೋರಿಸಬೇಕು?

ನಾನು ಇರುವ ಇಂಗ್ಲೆಂಡಿನಲ್ಲಿ ಏಪ್ರಿಲ್ ತಿಂಗಳನ್ನು ಕರುಳಿನ ಕ್ಯಾನ್ಸರ್ ಜಾಗೃತಿಗೆಂದು ಮೀಸಲಿಟ್ಟಿದ್ದಾರೆ. ಆಸ್ಪತ್ರೆಗಳಲ್ಲಿ ಭಿತ್ತಿಪತ್ರಗಳು ಬರುತ್ತವೆ, ಟಿವಿಯಲ್ಲಿ ಕಾಯಿಲೆಯಿಂದ ಪಾರಾದವರು ಮಾತನಾಡುತ್ತಾರೆ. ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ನನ್ನ ದೊಡ್ಡಪ್ಪ ಇದೇ ಕಾಯಿಲೆಯಿಂದ ತೀರಿಕೊಂಡರು. ಹಾಗಾಗಿ ಪ್ರತಿ ವರ್ಷವೂ ಈ ಪ್ರಚಾರ ನಿಜಕ್ಕೂ ಯಾರ ಜೀವವನ್ನಾದರೂ ಉಳಿಸುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಪ್ರಚಾರದಿಂದ ಏನೂ ಆಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಶಾಲೆಯೊಂದರ ಉಪಮುಖ್ಯಸ್ಥೆಯಾಗಿದ್ದ ಡೆಬೊರಾ ಜೇಮ್ಸ್ ಅವರಿಗೆ 2016ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಅಲ್ಲಿಂದ ಮುಂದೆ ಅವರು ಬಿಬಿಸಿಯ ಪಾಡ್‌ಕಾಸ್ಟಿನಲ್ಲಿಯೂ ಪತ್ರಿಕಾ ಅಂಕಣದಲ್ಲಿಯೂ ಮಲದ ಬಗ್ಗೆ, ರಕ್ತದ ಬಗ್ಗೆ ಯಾವ ಮುಜುಗರವೂ ಇಲ್ಲದೆ ಮಾತನಾಡಿದರು. ಶೌಚಾಲಯಕ್ಕೆ ಹೋದಾಗ ಒಮ್ಮೆ ಹಿಂತಿರುಗಿ ನೋಡಿಕೊಳ್ಳಿ ಎಂಬುದನ್ನು ಕೊನೆಯವರೆಗೂ ಹೇಳುತ್ತಲೇ ಇದ್ದು, 2022ರ ಜೂನ್ 28ರಂದು ತೀರಿಕೊಂಡರು. ಆ ವರ್ಷದ ಮೇ ತಿಂಗಳಿಂದ ಜುಲೈವರೆಗೆ ಇಂಗ್ಲೆಂಡಿನಲ್ಲಿ ಕರುಳಿನ ಕ್ಯಾನ್ಸರಿನ ಶಂಕೆಯ ಮೇಲೆ ತಪಾಸಣೆಗೆ ಕಳಿಸಲಾದವರ ಸಂಖ್ಯೆ ಸುಮಾರು 1,70,500. ಇದು ಹಿಂದಿನ ವರ್ಷದ ಇದೇ ಅವಧಿಗಿಂತ 30,000ಕ್ಕೂ ಹೆಚ್ಚು. ಒಬ್ಬ ಹೆಣ್ಣುಮಗಳ ಮಾತಿಗೆ ಇಷ್ಟು ಶಕ್ತಿಯಿತ್ತು ಎಂಬುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಆದರೆ ಆ ಶಕ್ತಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಅಮೆರಿಕದ ಟಿವಿ ನಿರೂಪಕಿ ಕೇಟಿ ಕೌರಿಕ್ ಅವರ ಪತಿ 1998ರಲ್ಲಿ, 42ನೆಯ ವಯಸ್ಸಿಗೇ, ಈ ಕಾಯಿಲೆಯಿಂದ ತೀರಿಕೊಂಡಿದ್ದರು. ಎರಡು ವರ್ಷಗಳ ನಂತರ ಕೌರಿಕ್ ತಾವೇ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಿಕೊಂಡು ಅದನ್ನು ದೇಶಕ್ಕೆಲ್ಲ ತೋರಿಸಿದರು. ಅದಾದ ಮೇಲೆ ಅಲ್ಲಿ ಈ ಪರೀಕ್ಷೆಯ ಸಂಖ್ಯೆ ಏರಿತು, ಸುಮಾರು ಒಂಬತ್ತು ತಿಂಗಳ ಕಾಲ ಆ ಏರಿಕೆಯನ್ನು ಗುರುತಿಸಲೂ ಸಾಧ್ಯವಾಯಿತು. ಇಂಗ್ಲೆಂಡಿನ ಸರ್ಕಾರ 2012ರಲ್ಲಿ ದೇಶದಾದ್ಯಂತ ನಡೆಸಿದ ಪ್ರಚಾರದಲ್ಲಿಯೂ, ಮೂರು ವಾರಗಳಿಂದ ಮಲದಲ್ಲಿ ರಕ್ತವೋ ಭೇದಿಯೋ ಕಂಡರೆ ವೈದ್ಯರಿಗೆ ಹೇಳಿ ಎಂದು ಕೇಳಿದಾಗ ಜನ ಬಂದರು. ಆದರೆ ತಪಾಸಣೆಗೆ ಹೋದವರು ಹೆಚ್ಚಿದ ಪ್ರಮಾಣದಲ್ಲಿ ಕ್ಯಾನ್ಸರ್ ಪತ್ತೆಯಾಗಲಿಲ್ಲ, ಪತ್ತೆಯಾದವುಗಳೂ ಇನ್ನಷ್ಟು ಮುಂಚಿನ ಹಂತದಲ್ಲಿ ಸಿಕ್ಕವು ಎನ್ನಲು ಸ್ಪಷ್ಟವಾದ ಆಧಾರ ದೊರೆಯಲಿಲ್ಲ. ರಕ್ತ ಕಾಣಿಸುವ ಹೊತ್ತಿಗೆ ಎಷ್ಟೋ ಸಲ ಗಡ್ಡೆ ಬೆಳೆದುಬಿಟ್ಟಿರುತ್ತದೆ.

ಜೀವ ಉಳಿಸುತ್ತದೆ ಎಂದು ಖಚಿತವಾಗಿ ಗೊತ್ತಿರುವುದು, ಯಾವ ಲಕ್ಷಣವೂ ಇಲ್ಲದಿರುವಾಗಲೇ, ಕಣ್ಣಿಗೆ ಕಾಣದ ರಕ್ತವನ್ನು ಹುಡುಕಲು ಮಾಡುವ ಮಲಪರೀಕ್ಷೆ. ನಾಟಿಂಗ್‌ಹ್ಯಾಮಿನಲ್ಲಿ 1981ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಆಹ್ವಾನ ಪಡೆದವರ ಗುಂಪಿನಲ್ಲಿ ಕರುಳಿನ ಕ್ಯಾನ್ಸರಿನ ಸಾವು ಶೇ. 15ರಷ್ಟು ಕಡಿಮೆಯಾಗಿತ್ತು. ಇಂದು ಇಲ್ಲಿ ಐವತ್ತು ದಾಟಿದವರ ಮನೆಗೆ ಪರೀಕ್ಷೆಯ ಪೊಟ್ಟಣ ಅಂಚೆಯಲ್ಲಿಯೇ ಬರುತ್ತದೆ. ನನಗೂ ಬಂದಿತ್ತು, ಮೂರು ವಾರ ಸ್ನಾನದ ಮನೆಯ ಕಪಾಟಿನಲ್ಲಿಯೇ ಕುಳಿತಿತ್ತು. ದೊಡ್ಡಪ್ಪನ ಸಾವನ್ನು ಕಂಡ ನಾನೇ ಹೀಗೆ ಮುಂದೂಡಿದೆನೆಂದರೆ, ತಿಳಿವಳಿಕೆಗೂ ಕೈ ಮುಂದಾಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ನನಗೆ ಅಂದೇ ಅರ್ಥವಾಯಿತು. ಕೊನೆಗೆ ಮಾಡಿಸಿದ್ದು ಮನೆಗೆ ಬಂದ ಎರಡನೆಯ ಪತ್ರ.

ಇದು ನನ್ನೊಬ್ಬನ ಅನುಭವವಲ್ಲ. ಲಂಡನ್ನಿನ ಜೇನ್ ವಾರ್ಡಲ್ ಮತ್ತು ಸಂಗಡಿಗರು ಇಂಗ್ಲೆಂಡಿನಾದ್ಯಂತ ನಾಲ್ಕು ಉಪಾಯಗಳನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಳ ಭಾಷೆಯ ಕರಪತ್ರವಾಗಲಿ, ಪರೀಕ್ಷೆ ಮಾಡಿಸಿಕೊಂಡವರ ಕಥೆಗಳಿದ್ದ ಕರಪತ್ರವಾಗಲಿ ಪರಿಣಾಮ ಬೀರಲಿಲ್ಲ. ಸ್ವಲ್ಪವಾದರೂ ಫಲ ಕೊಟ್ಟವು ತಮ್ಮ ವೈದ್ಯರ ಬೆಂಬಲವಿದೆ ಎಂದು ತಿಳಿಸುವ ಪತ್ರ ಮತ್ತು ಒತ್ತಿ ಹೇಳುವ ಜ್ಞಾಪನ ಪತ್ರ. ಇವೆಲ್ಲಕ್ಕಿಂತ ಹೆಚ್ಚು ನೆರವಾದದ್ದು ಪರೀಕ್ಷೆಯನ್ನೇ ಸುಲಭಗೊಳಿಸಿದ್ದು. ಮೊದಲು ಮೂರು ಬಾರಿಯ ಮಲದಿಂದ ಆರು ಮಾದರಿಗಳನ್ನು ರಟ್ಟಿನ ಮೇಲೆ ಸವರಬೇಕಿತ್ತು. 2019ರಿಂದ ಒಂದೇ ಮಾದರಿ ಸಾಕಾಯಿತು. ಇದನ್ನು ಮೊದಲು ಪ್ರಯೋಗಿಸಿ ನೋಡಿದಾಗಲೇ ಪರೀಕ್ಷೆ ಮಾಡಿಸಿಕೊಂಡವರ ಪ್ರಮಾಣ ಸುಮಾರು ಶೇ. 59ರಿಂದ 66ಕ್ಕೆ ಏರಿತ್ತು.

ಇನ್ನು ನಮ್ಮೂರಿನ ಮಾತು. ಕರ್ನಾಟಕದಲ್ಲಿ ಮಲದಲ್ಲಿ ರಕ್ತ ಬೀಳುವುದರ ಬಗ್ಗೆ ಪ್ರಚಾರವೇ ಇಲ್ಲ ಎಂದರೆ ತಪ್ಪಾದೀತು. ಬಸ್ ನಿಲ್ದಾಣದ ಗೋಡೆ, ವಿದ್ಯುತ್ ಕಂಬ, ಬಸ್ಸಿನ ಸೀಟಿನ ಹಿಂಬದಿ, ಎಲ್ಲೆಲ್ಲೂ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಬರಹವಿದೆ. ರಕ್ತ ಬಿದ್ದರೆ ಅದು ಮೂಲವ್ಯಾಧಿಯೇ ಎಂಬ ಪಾಠವನ್ನು ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿರುವುದು ಇದೇ ಪ್ರಚಾರ, ಅದು ಬಹಳ ಯಶಸ್ವಿಯೂ ಆಗಿದೆ. ನನ್ನ ದೊಡ್ಡಪ್ಪ ಅದನ್ನೇ ನಂಬಿದ್ದರು. ಉಷ್ಣವಾಗಿದೆ ಎಂದು ಮಜ್ಜಿಗೆ ಕುಡಿದರು, ಮುಟ್ಟಿದರೆ ಮುನಿಯ ರಸ ಕುಡಿದರು, ಸುವರ್ಣಗಡ್ಡೆಯ ಪಲ್ಯ ತಿಂದರು, ಒಂದು ಕಡೆ ಹಣ ಕೊಟ್ಟು ಚುಚ್ಚುಮದ್ದನ್ನೂ ಹಾಕಿಸಿಕೊಂಡರು. ಹದಿನಾಲ್ಕು ತಿಂಗಳಲ್ಲಿ ಅವರನ್ನು ನೋಡಿದ ಮೂವರಲ್ಲಿ ಒಬ್ಬರೂ ಕೈಗವಸು ಹಾಕಿಕೊಂಡು ಬೆರಳಿನಿಂದ ಗುದದ್ವಾರವನ್ನು ಪರೀಕ್ಷಿಸಲಿಲ್ಲ. ಗಡ್ಡೆ ಇದ್ದದ್ದು ಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿ.

ಭಾರತದಲ್ಲಿಯೂ ಮನೆಮನೆಗೆ ಪೊಟ್ಟಣ ಕಳಿಸಬೇಕೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಏಳು ಕೋಟಿಯೊಳಗಿನ ಜನರಲ್ಲಿ ವರ್ಷಕ್ಕೆ ಸುಮಾರು 44,000 ಜನರಿಗೆ ಈ ಕ್ಯಾನ್ಸರ್ ಬರುತ್ತದೆ. ಭಾರತದ 140 ಕೋಟಿ ಜನರಲ್ಲಿ ಅಂದಾಜು 70,000. ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ ಸೀಮಿತವಾಗಿರುವುದಕ್ಕೆ ಕಾರಣವಿದೆ. ಹಾಗಿರುವಾಗ ನಮ್ಮಲ್ಲಿ ಆಗಬೇಕಾದದ್ದು ಮೂಲವ್ಯಾಧಿಯ ಆ ಫಲಕಗಳಿಗೆ ಎದುರಾಗಿ ನಿಲ್ಲುವ ಸ್ಪಷ್ಟವಾದ ಮಾತು. ಅದು ‘ಮಲವಿಸರ್ಜನಾ ಕ್ರಮದಲ್ಲಿ ವ್ಯತ್ಯಯ’ ಎಂಬ ಕರಪತ್ರದ ಭಾಷೆಯಲ್ಲಿ ಇರಬಾರದು. ‘ಸಂಡಾಸಕ್ಕೆ ಹೋದಾಗ ರಕ್ತ ಬೀಳುತ್ತಿದೆಯೇ? ಮೂಲವ್ಯಾಧಿ ಎನ್ನುವ ಮುಂಚೆ ವೈದ್ಯರಿಂದ ಒಳಗೆ ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಜನರ ಬಾಯಲ್ಲಿರುವ ಮಾತಿನಲ್ಲಿಯೇ ಬರೆಯಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಪರೀಕ್ಷೆಯನ್ನು ತಪ್ಪದೆ ಮಾಡುವ ವೈದ್ಯರೂ, ಕೊಲೊನೊಸ್ಕೋಪಿಗೆ ಎಲ್ಲಿಗೆ ಹೋಗಬೇಕೆಂದು ಬರೆದುಕೊಡುವ ಚೀಟಿಯೂ ಅಲ್ಲಿ ಕಾದಿರಬೇಕು.

ಕಳೆದ ದೀಪಾವಳಿಯ ಹೊತ್ತಿಗೆ ದೊಡ್ಡಪ್ಪನ ಮಗ ಫೋನ್ ಮಾಡಿದ. ಅವನಿಗೆ ನಲವತ್ತಾರು. ‘ಅಣ್ಣಾ, ಎರಡು ವಾರದಿಂದ ರಕ್ತ ಬೀಳಾಕತ್ತೈತಿ. ಅಪ್ಪಂದು ನೆನಪಾತು. ಯಾರ ಹತ್ರ ತೋರಸ್ಲಿ?’ ಎಂದು ಕೇಳಿದ. ಅವನಿಗೆ ಲಕ್ಷಣ ಗೊತ್ತಿತ್ತು, ಭಯವೂ ಇತ್ತು, ಹೋಗಬೇಕಾದ ಬಾಗಿಲು ಮಾತ್ರ ಗೊತ್ತಿರಲಿಲ್ಲ. ನಾನು ಇಲ್ಲಿಂದ ನಾಲ್ಕು ಜನರಿಗೆ ಫೋನ್ ಮಾಡಿ ಹುಬ್ಬಳ್ಳಿಯಲ್ಲಿ ಒಬ್ಬ ಶಸ್ತ್ರಚಿಕಿತ್ಸಕರನ್ನು ಗೊತ್ತು ಮಾಡಿದೆ. ಅವರು ಮೊದಲು ಬೆರಳಿನಿಂದ ಪರೀಕ್ಷಿಸಿ, ಮನೆತನದಲ್ಲಿ ಕಾಯಿಲೆ ಇದ್ದುದರಿಂದ ಮರುವಾರ ಕೊಲೊನೊಸ್ಕೋಪಿಯನ್ನೂ ಮಾಡಿದರು. ದೊಡ್ಡ ಕರುಳಿನಲ್ಲಿ ಒಂದು ಸಣ್ಣ ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಕುಡಿಯಂಥ ಬೆಳವಣಿಗೆ, ಸಿಕ್ಕಿತು. ಅದನ್ನು ಅಲ್ಲಿಯೇ ತೆಗೆದುಹಾಕಿ, ರಕ್ತ ಬರುತ್ತಿದ್ದದ್ದು ಮೂಲವ್ಯಾಧಿಯಿಂದ ಎಂದು ಬರೆದುಕೊಟ್ಟರು.